ಹೋರಿ ಇಲ್ಲದ ಊರಲ್ಲಿ

2012ರ ಮಳೆಗಾಲ ಮುಗಿಯುವ ಹೊತ್ತು. ನಮ್ಮ ಮಲೆನಾಡು ಗಿಡ್ಡ ದನ ಕೆಂಪಿ ಬೆದೆಗೆ ಬಂದು ಒಂದು ಹಗಲು, ಒಂದು ರಾತ್ರಿ ಕೂಗಿತು. ಹುಲ್ಲಿಗೆ ಬಾಯಿ ಹಾಕಲಿಲ್ಲ, ಅಕ್ಕಚ್ಚು ಮೂಸಲೂ ಇಲ್ಲ, ಹಗ್ಗ ಎಳೆದು ಎಳೆದು ಕುತ್ತಿಗೆಯ ಕೂದಲು ಉದುರಿತ್ತು. ನಮ್ಮನೆಯವರು ಬೈಕ್ ಹತ್ತಿ ಸುತ್ತಲಿನ ನಾಲ್ಕು ಊರು ತಿರುಗಿ ಬಂದರು. ಎಲ್ಲೂ ಹೋರಿ ಇಲ್ಲ. ಒಂದು ಮನೆಯಲ್ಲಿ ಇತ್ತಂತೆ, ಹಿಂದಿನ ವಾರವಷ್ಟೇ ಬೀಜ ಒಡೆಸಿದ್ದರಂತೆ.

ಇಪ್ಪತ್ತೊಂದು ದಿನ ಬಿಟ್ಟು ಮತ್ತೆ ಬೆದೆಗೆ ಬಂತು. ಆಗ ಗಬ್ಬ ಕಟ್ಟಿಸುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದೆವು. ಬಂದವರ ಪೆಟ್ಟಿಗೆಯಲ್ಲಿ ಇದ್ದದ್ದು ದೊಡ್ಡ ಮೈಯ ವಿದೇಶಿ ತಳಿ ಜೆರ್ಸಿಯದ್ದು ಮಾತ್ರ. "ಪರವಾಗಿಲ್ಲ ಅಮ್ಮಾ, ಒಳ್ಳೆ ಹಾಲಿನ ಕರು ಬರುತ್ತೆ" ಅಂದರು. ನಾವೂ ಹೂಂ ಅಂದೆವು.

ಕೆಂಪಿ ನನ್ನ ಸೊಂಟದೆತ್ತರದ ದನ. ತೂಕ ನೂರು ಕಿಲೋ ಇದ್ದರೆ ಹೆಚ್ಚು. ಮುಂದಿನ ಆಷಾಢದಲ್ಲಿ, ಕರೆಂಟ್ ಇಲ್ಲದ ಒಂದು ರಾತ್ರಿ, ಕರು ಹಾಕಲು ಶುರುಮಾಡಿತು. ಕರು ಅಡ್ಡ ತಿರುಗಿರಲಿಲ್ಲ, ಎರಡೂ ಮುಂಗಾಲು ಕಾಣುತ್ತಿದ್ದವು, ತಲೆ ಮಾತ್ರ ಬರುತ್ತಿರಲಿಲ್ಲ. ಅಷ್ಟು ದೊಡ್ಡ ಕರು. ಬೆಳಗಿನ ಜಾವ ನಾಲ್ಕು ಜನ ಸೇರಿ ಎಳೆದು ತೆಗೆದಾಗ ಅದು ಸತ್ತಿತ್ತು. ಕೆಂಪಿ ಮೂರು ದಿನ ಮಲಗಿದಲ್ಲೇ ಇತ್ತು, ನಾಲ್ಕನೇ ದಿನ ಹೋಯಿತು. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಅತ್ತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆ ಇಂಜೆಕ್ಷನ್ ಕೊಟ್ಟವರನ್ನು ನಾನು ದೂರುವುದಿಲ್ಲ. ಅವರು ಪೆಟ್ಟಿಗೆಯಲ್ಲಿ ಇದ್ದದ್ದನ್ನು ಕೊಟ್ಟರು. ನನ್ನ ತಲೆಯಲ್ಲಿ ಉಳಿದ ಪ್ರಶ್ನೆ ಬೇರೆ. ಇಡೀ ಮಲೆನಾಡಿಗೆ ಹೆಸರಾದ ದನ ಇದು, ನಾಲ್ಕು ಊರು ಸುತ್ತಿದರೂ ಇದಕ್ಕೊಂದು ಗಂಡು ಸಿಗಲಿಲ್ಲ ಅಂದರೆ ಏನರ್ಥ?

ಮಲೆನಾಡು ಗಿಡ್ಡ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕೊಡಗು, ಹಾಸನದ ಮಳೆ ಬೀಳುವ ಕಡೆಗಳಲ್ಲಿ ಇರುವ ಸಣ್ಣ ದನ. ಇದನ್ನು ಯಾರೂ ಮನೆಯಲ್ಲಿ "ಮಲೆನಾಡು ಗಿಡ್ಡ" ಅಂತ ಕರೆಯುತ್ತಿರಲಿಲ್ಲ. ಊರದನ ಅಂತಿದ್ದೆವು, ಇಲ್ಲಾ ಸುಮ್ನೆ ಗಿಡ್ಡ. ವರ್ಷಕ್ಕೊಂದು ಕರು ಹಾಕುತ್ತದೆ ಅಂತ ವರ್ಷಗಂಧಿ ಅನ್ನುವ ಹೆಸರೂ ಇದೆ. ಹಾಲು ದಿನಕ್ಕೆ ಒಂದೆರಡು ಲೀಟರ್, ತುಂಬಾ ಒಳ್ಳೆಯದಾದರೆ ಮೂರು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಗುಡ್ಡ ಹತ್ತಿ ಇಳಿದು, ಸಂಜೆ ತಾನಾಗಿ ದಣಪೆ (ಬೇಲಿಯ ಬಾಗಿಲು) ಹತ್ತಿರ ಬಂದು ನಿಲ್ಲುವ ದನ ಬೇರೆ ಯಾವುದಿದೆ ಹೇಳಿ. ಕಾಲುಬಾಯಿ ಜ್ವರ ಬಂದರೂ ಒಂದು ವಾರ ಕುಂಟಿ ಮತ್ತೆ ಮೇಯಲು ಹೋಗುವುದನ್ನು ನಾನೇ ನೋಡಿದ್ದೇನೆ. ಹಿಂಡಿ, ಬೂಸಾ ಕೇಳುವುದಿಲ್ಲ. ಸಗಣಿ ಕೊಡುತ್ತದೆ, ತೋಟಕ್ಕೆ ಬೇಕಾದದ್ದು ಅದೇ.

ಬಹಳ ಕಾಲ ಇದಕ್ಕೆ ಸರ್ಕಾರಿ ಕಾಗದದಲ್ಲಿ ಹೆಸರೇ ಇರಲಿಲ್ಲ. ಯಾವ ತಳಿಗೂ ಸೇರದ ನಾಟಿ ದನ, ಅಷ್ಟೇ. ದೇಶದ ಪ್ರಾಣಿತಳಿಗಳನ್ನು ನೋಂದಾಯಿಸುವ ರಾಷ್ಟ್ರೀಯ ಬ್ಯೂರೋ 1984ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಲ್ಲೇ, ಮರುವರ್ಷ ಹರಿಯಾಣದ ಕರ್ನಾಲ್‌ಗೆ ಹೋಯಿತು. ಈಗ ಅವರ ಪಟ್ಟಿಯಲ್ಲಿ ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ವ್ಯಾಲಿ, ದೇವಣಿ ಜೊತೆಗೆ ನಮ್ಮ ಗಿಡ್ಡವೂ ಇದೆ. ಅಮೃತಮಹಲ್‌ಗೆ ರಾಜರ ಆಸರೆ ಇತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಆಮೇಲೆ ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟದ್ದು, ಮೇಯಲು ಕಾವಲುಗಳು, ಇವತ್ತಿಗೂ ಅಜ್ಜಂಪುರದಲ್ಲಿ ಅದರದ್ದೇ ಕೇಂದ್ರ. ಗಿಡ್ಡಕ್ಕೆ ಯಾವ ರಾಜನೂ ಕಾವಲು ಬಿಡಲಿಲ್ಲ. ಅದನ್ನು ಉಳಿಸಿದ್ದು ಮನೆಗಳು. ಅದರಲ್ಲೂ ಮನೆಯ ಹೆಂಗಸರು.

1998ರಲ್ಲಿ ನನ್ನ ಮದುವೆಯಾದಾಗ ತವರಿನಿಂದ ಕಾಳಿ ಅನ್ನುವ ಕಡಸನ್ನು ಬಳುವಳಿ ಕೊಟ್ಟರು. ಸಾಗರದ ಕಡೆಯಿಂದ ಹೊಸನಗರದ ಕಡೆಗೆ, ಮಿನಿ ಲಾರಿಯಲ್ಲಿ, ಪಾತ್ರೆ ಪೆಟ್ಟಿಗೆಯ ಪಕ್ಕ ಹುಲ್ಲು ಹಾಸಿ ನಿಲ್ಲಿಸಿಕೊಂಡು ಬಂದೆವು. ಮಗಳು ಹೋದ ಮನೆಯಲ್ಲಿ ಹಾಲಿಗೆ ಕೊರತೆಯಾಗದಿರಲಿ ಅಂತ ಅಮ್ಮ ಕೊಟ್ಟದ್ದು. ನನಗೆ ಆಗ ಅಷ್ಟೇ ಗೊತ್ತಿದ್ದದ್ದು. ಈಗ ಯೋಚಿಸಿದರೆ ಮೈ ಝುಂ ಅನ್ನುತ್ತದೆ. ಪ್ರತಿ ಮದುವೆಯ ಜೊತೆ ಒಂದು ದನ ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಹೋಗುತ್ತಿತ್ತು. ಅತ್ತೆಯ ತವರು ತೀರ್ಥಹಳ್ಳಿ, ಅವರ ಜೊತೆ ಬಂದ ದನದ ಸಂತಾನ ಕೊಟ್ಟಿಗೆಯ ಒಂದು ಸಾಲು. ಅಜ್ಜಿಯ ತವರು ಘಟ್ಟದ ಕೆಳಗೆ, ಅವರದ್ದು ಇನ್ನೊಂದು ಸಾಲು. ನಾನು ಬಂದಾಗ ಕೊಟ್ಟಿಗೆಯಲ್ಲಿ ಹದಿನಾಲ್ಕು ಇದ್ದವು. ಕಪ್ಪು, ಕೆಂಪು, ಬೂದಿ, ಹಂಡ, ಒಂದು ತಾಮ್ರದ ಬಣ್ಣದ ಕಪಿಲೆ. ಒಂದರ ಹಾಗೆ ಇನ್ನೊಂದು ಇರಲಿಲ್ಲ.

ಇದಲ್ಲದೆ ಪಾಲಿಗೆ ಸಾಕುವುದು ಇತ್ತಲ್ಲ. ದನ ಹೆಚ್ಚಾದವರು ಇಲ್ಲದವರಿಗೆ ಕೊಡುವುದು, ಅವರು ಸಾಕಿ, ಹುಟ್ಟಿದ ಕರುವಿನಲ್ಲಿ ಪಾಲು ಮಾಡಿಕೊಳ್ಳುವುದು. ಹೀಗೂ ದನ ಊರು ದಾಟುತ್ತಿತ್ತು.

ಹೋರಿಯ ವಿಷಯವಂತೂ ಯಾರೂ ತಲೆ ಕೆಡಿಸಿಕೊಂಡದ್ದೇ ಇಲ್ಲ. ಬೇಣಕ್ಕೆ, ಅಂದರೆ ಹುಲ್ಲುಗುಡ್ಡಕ್ಕೆ, ಬಿಟ್ಟರೆ ಮೂರು ಊರಿನ ದನ ಒಂದೇ ಕಡೆ ಮೇಯುತ್ತಿದ್ದವು. ಗದ್ದೆ ಹೂಡಲು ಎತ್ತು ಬೇಕು, ಹಾಗಾಗಿ ಪ್ರತಿ ಮನೆಯಲ್ಲೂ ಗಂಡು ಕರು ಬೆಳೆಯುತ್ತಿತ್ತು. ಬೀಜ ಒಡೆಸುವ ವಯಸ್ಸು ಬರುವಷ್ಟರಲ್ಲಿ ಅವು ಗುಡ್ಡದಲ್ಲಿ ತಮ್ಮ ಕೆಲಸ ಮುಗಿಸಿರುತ್ತಿದ್ದವು. ಅದರ ಮೇಲೆ ದೇವರಿಗೆ ಬಿಟ್ಟ ಬಸವ ಒಂದು. ಅದಕ್ಕೆ ಹಗ್ಗ ಇಲ್ಲ, ಮೂಗುದಾರ ಇಲ್ಲ, ಯಾರ ಗದ್ದೆಗೆ ನುಗ್ಗಿದರೂ ಯಾರೂ ಹೊಡೆಯುತ್ತಿರಲಿಲ್ಲ. ನಮ್ಮೂರ ಬಸವ ಮಾವನ ಗದ್ದೆಯಲ್ಲಿ ಒಂದು ವರ್ಷ ಅರ್ಧ ಮಡಿ ಅಗೆ ತಿಂದು ಹೋಗಿತ್ತು. ಮಾವ ಬೇಲಿ ಸರಿ ಮಾಡಿದರು, ಅಷ್ಟೇ.

ಆ ಬಸವ ಸತ್ತದ್ದು 2008ರಲ್ಲಿ. ಎಲ್ಲರೂ ಸೇರಿ ಮಣ್ಣು ಮಾಡಿದೆವು, ಹೂ ಹಾಕಿದೆವು. ಇನ್ನೊಂದನ್ನು ಬಿಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಎಲ್ಲಿಗೆ ಬಿಡುವುದು? ಅಷ್ಟರಲ್ಲಿ ಗದ್ದೆಗಳೆಲ್ಲ ಅಡಿಕೆ ತೋಟವಾಗಿದ್ದವು. ಟಿಲ್ಲರ್ ಬಂದ ಮೇಲೆ ಎತ್ತು ಬೇಡ, ಎತ್ತು ಬೇಡವಾದ ಮೇಲೆ ಗಂಡು ಕರು ಬೇಡ. ಬೇಣಗಳಿಗೆ ಕರೆಂಟ್ ಹರಿಯುವ ಐಬೆಕ್ಸ್ ಬೇಲಿತಂತಿ ಬಿತ್ತು, ಗುಡ್ಡದ ಮೇಲೆ ಅಕೇಶಿಯಾ ಬಂತು, ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ದನ ಕಾಯುವ ಹುಡುಗರು ಶಾಲೆಗೆ ಹೋದರು, ಹೋಗಬೇಕಾದದ್ದೇ. ರಾತ್ರಿ ಗಾಡಿ ತಂದು ರಸ್ತೆಯಲ್ಲಿ ಮಲಗಿದ ದನ ತುಂಬಿಕೊಂಡು ಹೋಗುವ ಕಳ್ಳರು ಬೇರೆ.

ಮಂಗನ ಕಾಯಿಲೆಯ ಮಾತನ್ನೂ ಹೇಳದೆ ಇದ್ದರೆ ತಪ್ಪಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ಕಾಯಿಲೆ. ಉಣುಗಿನಿಂದ (ಉಣ್ಣೆ ಹುಳ) ಬರುತ್ತದೆ, ಕಾಡಿಗೆ ಮೇಯಲು ಹೋದ ದನದ ಮೈಮೇಲೆ ಆ ಉಣುಗು ಬೆಳೆದು ಹೆಚ್ಚುತ್ತದೆ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರ ಸುಮಾರಿಗೆ ಎಷ್ಟೊಂದು ಜನ ತೀರಿಕೊಂಡರು. ಆ ಕಡೆಯವರು ದನ ಮಾರಿದರೆ ನಾನು ಹೇಗೆ ತಪ್ಪು ಅನ್ನಲಿ? ಮನೆಯ ಜನರ ಜೀವ ಮೊದಲು. ಗಿಡ್ಡ ಉಳಿಸಿ ಅಂತ ಪೇಟೆಯಲ್ಲಿ ಕೂತು ಹೇಳುವವರು ಇದನ್ನೂ ಯೋಚಿಸಬೇಕು. ಕಾಡಿಗೆ ಬಿಟ್ಟು ಸಾಕುವ ಪದ್ಧತಿ ಹಾಗೇ ಹಿಂದಿರುಗಿ ಬರುವುದಿಲ್ಲ, ಬರಬೇಕು ಅಂತಲೂ ನಾನು ಹೇಳುವುದಿಲ್ಲ.

ಸರಿ, ಕೆಂಪಿ ಹೋದ ಮೇಲೆ ನಾನು ಹಟ ಹಿಡಿದೆ. ಒಂದು ಹೋರಿ ತರಲೇಬೇಕು. 2014ರಲ್ಲಿ ತವರಿಗೆ ಹೋದಾಗ ಅಣ್ಣನ ಕೊಟ್ಟಿಗೆಯಲ್ಲಿ ಒಂದು ಕಪ್ಪು ಗಂಡು ಕರು ಇತ್ತು, ಹಣೆಯಲ್ಲಿ ಬಿಳಿ ಚುಕ್ಕಿ. ತಂದು ಭೈರ ಅಂತ ಹೆಸರಿಟ್ಟೆ. ಎರಡು ಮೂರು ವರ್ಷದಲ್ಲಿ ಎಂಥಾ ಹೋರಿಯಾಯಿತು ಅಂತೀರಿ! ಭುಜ ಎತ್ತಿಕೊಂಡು, ಗಂಗೆದೊಗಲು ಅಲ್ಲಾಡಿಸಿಕೊಂಡು ಬರುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಯಾರಾದರೂ ಹೊರೆ ಹುಲ್ಲು ತಂದರೆ ಬೇಡ ಅನ್ನುತ್ತಿರಲಿಲ್ಲ. ನಮ್ಮೂರು, ಪಕ್ಕದ ಊರು ಸೇರಿ ಹತ್ತಿರ ಹತ್ತಿರ ಅರವತ್ತು ಗಿಡ್ಡ ದನಗಳಿಗೆ ಭೈರನೇ ಗಂಡು. ನಾನು ತಳಿ ಉಳಿಸುತ್ತಿದ್ದೇನೆ ಅಂತ ಹೆಮ್ಮೆಯಲ್ಲಿದ್ದೆ.

2021ರಲ್ಲಿ ಏನೋ ಸರಿ ಇಲ್ಲ ಅನ್ನಿಸಲು ಶುರುವಾಯಿತು. ಹುಟ್ಟಿದ ಕರುಗಳಲ್ಲಿ ಮೂರು ಎದ್ದು ನಿಲ್ಲಲಿಲ್ಲ. ಎರಡು ಕಡಸುಗಳು ಹೋರಿ ಹತ್ತಿದರೂ ಮತ್ತೆ ಮತ್ತೆ ಬೆದೆಗೆ ಬರುತ್ತಿದ್ದವು. ಅದಕ್ಕೆ ನಾನು ಮುಂದೆ ಹೇಳುವುದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಆ ಹೊತ್ತಿಗೆ ಶಿವಮೊಗ್ಗದ ವೆಟರ್ನರಿ ಕಾಲೇಜಲ್ಲಿ ಓದುತ್ತಿದ್ದ ಅಕ್ಕನ ಮಗಳು ರಜೆಗೆ ಬಂದಿದ್ದಳು. ಕೊಟ್ಟಿಗೆ ನೋಡಿದಳು, ಒಂದೊಂದರ ತಾಯಿ ಯಾವುದು, ತಂದೆ ಯಾವುದು ಅಂತ ಕೇಳುತ್ತಾ ಹೋದಳು.

"ಚಿಕ್ಕಿ, ಈ ಕಡಸಿನ ಅಪ್ಪ ಯಾರು?"

"ಭೈರ."

"ಈಗ ಇದಕ್ಕೆ ಹೋರಿ ಯಾವುದು?"

"ಭೈರ" ಅಂದೆ. ಹೇಳುತ್ತಿದ್ದ ಹಾಗೆ ನನಗೇ ಒಂಥರಾ ಆಯಿತು.

"ಭೈರನ್ನ ಎಲ್ಲಿಂದ ತಂದದ್ದು?"

"ತವರಿಂದ."

"ಅಂದ್ರೆ ನಿಮ್ಮ ಬಳುವಳಿ ದನ ಕಾಳಿಯ ಮನೇದೇ. ನಿಮ್ಮ ಕೊಟ್ಟಿಗೆಲಿ ಅರ್ಧ ಕಾಳಿ ಸಂತಾನ ಅಲ್ವಾ?"

ಆಮೇಲೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂದೆ ಒಂದು ಲೆಕ್ಕ ಬರೆದು ತೋರಿಸಿದಳು. ಅದನ್ನು ನಾನು ಮರೆಯುವ ಹಾಗೇ ಇಲ್ಲ, ನಿಮಗೂ ಹೇಳುತ್ತೇನೆ, ಕಷ್ಟ ಏನಿಲ್ಲ. ಹೋರಿಗಳ ಸಂಖ್ಯೆಯನ್ನು ದನಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಹೋರಿ ದನ ಎರಡೂ ಕೂಡಿದ ಸಂಖ್ಯೆಯಿಂದ ಭಾಗಿಸಬೇಕು. ಒಂದು ಹೋರಿ, ಅರವತ್ತು ದನ. ನಾಲ್ಕು ಸಲ ಅರವತ್ತು ಇನ್ನೂರನಲವತ್ತು, ಭಾಗಿಸು ಅರವತ್ತೊಂದು. ಉತ್ತರ ನಾಲ್ಕಕ್ಕಿಂತ ಒಂಚೂರು ಕಡಿಮೆ.

"ನಿಮ್ಮ ಹತ್ರ ಇರೋದು ಅರವತ್ತು ದನ ಅಲ್ಲ ಚಿಕ್ಕಿ, ನಾಲ್ಕು" ಅಂದಳು.

ಕೊಟ್ಟಿಗೆಯಲ್ಲಿ ಎಣಿಸಿದರೆ ಅರವತ್ತು, ವಂಶದ ಲೆಕ್ಕದಲ್ಲಿ ನಾಲ್ಕು. ಮುಂದಿನ ಕರುಗಳೆಲ್ಲ ಅರ್ಧ ಅಪ್ಪನಿಂದ ಅಲ್ವಾ, ಆ ಅಪ್ಪ ಒಬ್ಬನೇ. ಅರವತ್ತರ ಬದಲು ಸಾವಿರ ದನ ಇಟ್ಟುಕೊಂಡರೂ ಹೋರಿ ಒಂದೇ ಆದರೆ ಈ ಸಂಖ್ಯೆ ನಾಲ್ಕನ್ನು ದಾಟುವುದೇ ಇಲ್ಲ. ಬೇಕಾದರೆ ನೀವೇ ಮಾಡಿ ನೋಡಿ. ನಾಲ್ಕು ಇದ್ದಾಗ ಒಂದೊಂದು ತಲೆಮಾರಿಗೆ ಒಳಗಿನ ವೈವಿಧ್ಯದಲ್ಲಿ ಎಂಟರಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ತಳಿ ಕಾಪಾಡುವ ಕೆಲಸ ಮಾಡುವವರು ಈ ಸಂಖ್ಯೆ ಕಡೇ ಪಕ್ಷ 50 ಇರಲಿ ಅನ್ನುತ್ತಾರೆ. ಆಗ ಕಳೆಯುವುದು ತಲೆಮಾರಿಗೆ ನೂರಕ್ಕೆ ಒಂದು. ಐವತ್ತು ಮುಟ್ಟಲು ನೂರಾರು ದನ ಬೇಕಿಲ್ಲ. ಎಪ್ಪತ್ತೈದು ದನಕ್ಕೆ ಹದಿನೈದು ಹೋರಿ ಇದ್ದರೆ ಸರಿಯಾಗಿ 50. ಹದಿನೈದೂ ಬೇರೆ ಬೇರೆ ಮನೆತನದವು ಆಗಿರಬೇಕು, ಎಲ್ಲದಕ್ಕೂ ಅವಕಾಶ ಸಿಗಬೇಕು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವೈವಿಧ್ಯ ಅಂದರೆ ಏನು ಅಂತ ಅವಳು ಹೇಳಿಕೊಟ್ಟದ್ದನ್ನು ನಾನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡದ್ದು ಹೀಗೆ. ನಮ್ಮ ಕಡೆ ಹೆಣ್ಣು ಗಂಡು ನೋಡುವಾಗ ಮೊದಲು ಕೇಳುವುದು ಬಳಿ ಯಾವುದು ಅಂತ. ಒಂದೇ ಬಳಿಯಾದರೆ ಅಣ್ಣ ತಂಗಿ ಲೆಕ್ಕ, ಸಂಬಂಧ ಆಗುವುದಿಲ್ಲ. ಮನುಷ್ಯರಿಗೆ ಅಷ್ಟು ನೋಡುವ ನಾವು ದನಕ್ಕೆ ನೋಡಲೇ ಇಲ್ಲ. ಹಿಂದೆ ನೋಡುವ ಅಗತ್ಯ ಇರಲಿಲ್ಲ, ಬೇಣವೇ ಅದನ್ನು ನೋಡಿಕೊಳ್ಳುತ್ತಿತ್ತು. ಇನ್ನೊಂದು ವಿಷಯ ಕೇಳಿ, ನನಗೆ ಇದು ತುಂಬಾ ಹಿಡಿಸಿತು. ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಮೈಟೊಕಾಂಡ್ರಿಯಾ ಅಂತ ಇರುತ್ತದಂತೆ, ಅದರ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ಅಪ್ಪನಿಂದ ಇಲ್ಲ. ನಮ್ಮ ಕೆಲವು ಜಾತಿಗಳಲ್ಲಿ ಬಳಿ ತಾಯಿಯಿಂದ ಬರುತ್ತದಲ್ಲ, ಹಾಗೇ. ಭಾರತದ ಭುಜದ ದನಗಳಿಗೆಲ್ಲ ಇಂಥ ಎರಡು ದೊಡ್ಡ ತಾಯಿಬಳಿಗಳಿವೆ, ವಿಜ್ಞಾನಿಗಳು ಐ1, ಐ2 ಅಂತ ಕರೆಯುತ್ತಾರೆ. ಸಾವಿರಾರು ವರ್ಷ ಹಿಂದೆ ಸಿಂಧೂ ಬಯಲಿನ ಕಡೆ ದನ ಪಳಗಿಸಿದ ಕಾಲದಿಂದ ತಾಯಿಂದ ಮಗಳಿಗೆ ಇಳಿದು ಬಂದ ಗುರುತು. ತಂದೆಯ ಕಡೆ ಗುರುತು ವೈ ವರ್ಣತಂತು, ಅದು ಗಂಡಿನಿಂದ ಗಂಡಿಗೆ. ಒಂದು ಊರಿನ ಹೋರಿಗಳನ್ನೆಲ್ಲ ಒಡೆಸಿ ಜೆರ್ಸಿ ಇಂಜೆಕ್ಷನ್ ಕೊಡಿಸುತ್ತಾ ಹೋದರೆ ಆ ಊರಿನ ತಂದೆಸಾಲು ಒಂದೇ ತಲೆಮಾರಿಗೆ ಮುಗಿಯಿತು. ತಾಯಿಸಾಲು ಉಳಿದರೂ ಉಳಿದ ರಕ್ತ ಮೊದಲ ಕರುವಿನಲ್ಲಿ ಅರ್ಧ, ಅದರ ಮಗಳಲ್ಲಿ ಕಾಲು, ಆಮೇಲೆ ಅರೆಕಾಲು, ನಾಲ್ಕನೆಯದಕ್ಕೆ ಹದಿನಾರರಲ್ಲಿ ಒಂದು. ಗಿಡ್ಡಕ್ಕೆ ಇಷ್ಟು ನಡೆಯಲು ಹೆಚ್ಚೆಂದರೆ ಹದಿನೈದು ವರ್ಷ ಸಾಕು.

ವಿದೇಶಿ ತಳಿಗಳಲ್ಲಿ ಎಲ್ಲ ಚೆನ್ನಾಗಿದೆ ಅಂತ ಅಂದುಕೊಳ್ಳಬೇಡಿ. ಕಪ್ಪು ಬಿಳುಪಿನ ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ಎಚ್‌ಎಫ್, ಲೋಕದಲ್ಲಿ ಅತಿ ಹೆಚ್ಚು ಹಾಲು ಕೊಡುವ ದನ, ಕೋಟಿಗಟ್ಟಲೆ ಇವೆ. ಆದರೆ ಅಮೆರಿಕದಲ್ಲಿ ಇವತ್ತು ಇಂಜೆಕ್ಷನ್‌ಗೆ ಬಳಸುವ ಎಚ್‌ಎಫ್ ಹೋರಿಗಳ ತಂದೆಸಾಲು ಹಿಡಿದು ಹೋದರೆ ಹೆಚ್ಚುಕಡಿಮೆ ಎಲ್ಲವೂ 1960ರ ದಶಕದ ಎರಡೇ ಹೋರಿಗಳಿಗೆ ಹೋಗಿ ನಿಲ್ಲುತ್ತವೆ. ಒಂದರ ಹೆಸರು ಚೀಫ್, ಹುಟ್ಟಿದ್ದು 1962. ಅದಕ್ಕೆ 16,000 ಹೆಣ್ಣು ಮಕ್ಕಳು. ಅದರ ಮಕ್ಕಳು ಹಾಲು ಬಹಳ ಕೊಟ್ಟವು, ಅದಕ್ಕೇ ಎಲ್ಲರೂ ಅದನ್ನೇ ಬಳಸಿದರು. ಅದರ ಮೈಯಲ್ಲಿ ಒಂದು ಕೆಟ್ಟ ಜೀನ್ ಇತ್ತು. ಒಂದೇ ಕಡೆಯಿಂದ ಬಂದರೆ ಏನೂ ಆಗುವುದಿಲ್ಲ, ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಚೀಫ್‌ನ ಮೊಮ್ಮಕ್ಕಳು ಮರಿಮಕ್ಕಳು ತಮ್ಮತಮ್ಮಲ್ಲೇ ಕೂಡತೊಡಗಿದಾಗ ಅದು ಹೊರಗೆ ಬಂತು. ಲೋಕದ ತುಂಬ ಸುಮಾರು ಐದು ಲಕ್ಷ ಗಬ್ಬ ಹಾಳಾದವು ಅಂತ ಲೆಕ್ಕ ಹಾಕಿದ್ದಾರೆ. ಕಾರಣ ಗೊತ್ತಾಗಲು ಐವತ್ತು ವರ್ಷ ಬೇಕಾಯಿತು. ನನ್ನ ಭೈರನ ಮೈಯಲ್ಲಿ ಏನಿದೆ ಅಂತ ನನಗೇನು ಗೊತ್ತು? ಪ್ರತಿ ಜೀವಿಯಲ್ಲೂ ಇಂಥದ್ದು ಏನಾದರೂ ಅಡಗಿರುತ್ತದೆ. ಬೇರೆ ಬೇರೆ ರಕ್ತ ಸೇರುತ್ತಿದ್ದರೆ ಅದು ಅಡಗಿಯೇ ಇರುತ್ತದೆ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಇದರ ಇನ್ನೊಂದು ಮುಖ ನೋಡಿದೆ. ಗಿಡ್ಡಕ್ಕೆ ರೋಗವೇ ಬರುವುದಿಲ್ಲ ಅಂತ ಹೇಳುವವರು ಇದ್ದಾರೆ, ಅದು ಸುಳ್ಳು. ನಮ್ಮಲ್ಲಿ ಎರಡಕ್ಕೆ ಮೈತುಂಬ ಗಂಟು ಎದ್ದವು, ಒಂದು ಸತ್ತೇಹೋಯಿತು. ಅದೇ ಸಾಲಲ್ಲಿ ಕಟ್ಟಿದ ಅತ್ತೆಯ ತವರಿನ ಕಡೆಯ ಬೂದಿ ದನಕ್ಕೆ ಏನೂ ಆಗಲಿಲ್ಲ. ಒಂದೇ ಹುಲ್ಲು, ಒಂದೇ ಸೊಳ್ಳೆ. ಅದು ಬರೀ ಅದೃಷ್ಟವೂ ಇರಬಹುದು. ಆದರೆ ಎಲ್ಲವೂ ಒಂದೇ ಥರ ಇದ್ದರೆ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ. ಮುಂದೆ ಯಾವ ರೋಗ ಬರುತ್ತದೋ, ಯಾವ ದನ ತಡೆಯುತ್ತದೋ ಈಗ ಯಾರಿಗೂ ಹೇಳಲಾಗುವುದಿಲ್ಲ. ಅದಕ್ಕೇ ಬೂದಿಯೂ ಬೇಕು, ಹಂಡವೂ ಬೇಕು.

ಇದನ್ನು ಹೇಳುವಾಗ ಕಪಿಲೆಯ ಮಾತು ಬಂದೇ ಬರುತ್ತದೆ. ಈಗ ಗಿಡ್ಡ ಕೇಳಿಕೊಂಡು ಬರುವವರಲ್ಲಿ ಹತ್ತಕ್ಕೆ ಎಂಟು ಜನಕ್ಕೆ ಕಪಿಲೆಯೇ ಬೇಕು. ಇನ್ನು ಕೆಲವರಿಗೆ ಅತಿ ಸಣ್ಣದು ಬೇಕು, ಆಂಧ್ರದ ಪುಂಗನೂರು ಕುಳ್ಳ ದನದ ವಿಡಿಯೋ ನೋಡಿ ಮನೆಯೊಳಗೆ ಓಡಾಡುವಂಥದ್ದು ಬೇಕು. ಪ್ರೀತಿಯಿಂದ ಸಾಕಿದರೆ ಸಂತೋಷ. ಆದರೆ ಒಂದೇ ಬಣ್ಣ, ಒಂದೇ ಅಳತೆಗೆ ಬೇಡಿಕೆ ಬಂದರೆ ಸಾಕುವವರು ಅಂಥ ಒಂದೆರಡು ಹೋರಿಯನ್ನೇ ಎಲ್ಲದಕ್ಕೂ ಬಿಡುತ್ತಾರೆ, ಪುಂಗನೂರಿನ ಜೊತೆ ಬೆರಕೆ ಮಾಡಿ ಗಿಡ್ಡ ಅಂತ ಮಾರುವುದೂ ಆಗುತ್ತದೆ. ನಮ್ಮ ದನ ಗಿಡ್ಡವಾದದ್ದು ಗುಡ್ಡ ಹತ್ತಲಿಕ್ಕೆ, ಬಡ ಹುಲ್ಲಿನಲ್ಲಿ ಬದುಕಲಿಕ್ಕೆ. ಸೋಫಾದ ಪಕ್ಕ ನಿಲ್ಲಲಿಕ್ಕಲ್ಲ.

ಎ2 ಹಾಲಿನ ಬಗ್ಗೆಯೂ ಒಂದು ಮಾತು. ಹಾಲಿನ ಒಂದು ಪ್ರೋಟೀನಿನಲ್ಲಿ 67ನೇ ಜಾಗದಲ್ಲಿ ಯಾವ ಅಮೈನೋ ಆಮ್ಲ ಇದೆ ಅನ್ನುವುದರ ಮೇಲೆ ಎ1, ಎ2 ಅಂತ ಹೇಳುತ್ತಾರೆ. ನಮ್ಮ ದೇಶದ ದನಗಳಲ್ಲಿ ಎ2 ಬಹಳ ಜಾಸ್ತಿ, ನಿಜ. ಆದರೆ ಪರೀಕ್ಷೆ ಮಾಡಿದಾಗ ಗಿಡ್ಡದಲ್ಲೂ ಅಲ್ಲೊಂದು ಇಲ್ಲೊಂದು ಎ1 ಸಿಕ್ಕಿದೆ. ಹಾಗಂತ ಆ ದನ ಕೆಟ್ಟದ್ದಾ? ಒಂದು ಅಕ್ಷರದ ಮೇಲೆ ತುಪ್ಪಕ್ಕೆ ಮೂರುಪಟ್ಟು ಬೆಲೆ ಕಟ್ಟಬಹುದು, ತಳಿ ಕಟ್ಟಲಾಗುವುದಿಲ್ಲ. ತುಪ್ಪಕ್ಕೆ ಒಳ್ಳೆ ಬೆಲೆ ಬಂದರೆ ದನ ಉಳಿಯುತ್ತದೆ ಅನ್ನುವುದು ಒಪ್ಪುತ್ತೇನೆ. ಆದರೆ ತುಪ್ಪ ಹೆಣ್ಣಿನದು. ಹೋರಿಯನ್ನು ಸಾಕುವ ಖರ್ಚು ಯಾವ ಬಾಟಲಿಯ ಬೆಲೆಯಲ್ಲೂ ಸೇರಿಲ್ಲ.

ಕೇರಳದವರು ಈ ವಿಷಯದಲ್ಲಿ ನಮಗಿಂತ ಮೊದಲು ಪೆಟ್ಟು ತಿಂದು ಕಲಿತರು. ಅಲ್ಲಿ 1961ರಲ್ಲೇ ಒಂದು ಕಾಯ್ದೆ ಬಂದಿತ್ತು, ಲೈಸೆನ್ಸ್ ಇಲ್ಲದ ಹೋರಿ ಇಡುವ ಹಾಗಿಲ್ಲ, ಬೀಜ ಒಡೆಸಬೇಕು. ವೈಕಂ ಹತ್ತಿರದ ವೆಚ್ಚೂರಿನ ಗಿಡ್ಡ ದನ ಹುಡುಕಿದರೂ ಸಿಗದ ಹಾಗಾಯಿತು. 1989ರಲ್ಲಿ ಮಣ್ಣುತ್ತಿಯ ಪಶುವೈದ್ಯ ಕಾಲೇಜಿನ ಪ್ರಾಧ್ಯಾಪಕಿ ಸೋಸಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ಅಲೆದು ಕೈಬೆರಳಲ್ಲಿ ಎಣಿಸುವಷ್ಟು ದನ ಹುಡುಕಿ ತಂದು ಮತ್ತೆ ಬೆಳೆಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾನು ಮನೆಯಲ್ಲಿ ಪಾಯಸ ಮಾಡಿದ್ದೆ. ಆದರೆ ಅಷ್ಟು ಕಡಿಮೆ ದನದಿಂದ ಶುರುಮಾಡಬೇಕಾಗಿ ಬಂದರೆ ಅದಕ್ಕೆ ಮೊದಲೇ ಹೋದದ್ದು ಹೋಯಿತು, ಅದನ್ನು ಯಾವ ಪ್ರಶಸ್ತಿಯೂ ತಂದುಕೊಡುವುದಿಲ್ಲ. ನಮ್ಮ ಗಿಡ್ಡ ಆ ಸ್ಥಿತಿಗೆ ಬಂದಿಲ್ಲ. ಇನ್ನೂ ಬೇಕಾದಷ್ಟು ಇವೆ. ಪುತ್ತೂರು ಕಡೆಯ ಕೊಯ್ಲದ ಸರ್ಕಾರಿ ಫಾರ್ಮಿನಲ್ಲಿ ಇವೆ, ಮಠಗಳ ಗೋಶಾಲೆಗಳಲ್ಲಿ ಇವೆ, ಸಾವಿರಾರು ಮನೆಗಳಲ್ಲಿ ಇವೆ. ಆದರೆ ದಿಕ್ಕು ಯಾವ ಕಡೆ ಅನ್ನುವುದು 2019ರ ಜಾನುವಾರು ಗಣತಿಯಲ್ಲೇ ಗೊತ್ತಾಗುತ್ತದೆ. ಇಡೀ ದೇಶದಲ್ಲಿ ನಾಟಿ ದನಗಳು 2012ಕ್ಕಿಂತ ನೂರಕ್ಕೆ ಆರು ಕಡಿಮೆಯಾದವು, ವಿದೇಶಿ ಮತ್ತು ಮಿಶ್ರತಳಿ ನೂರಕ್ಕೆ ಇಪ್ಪತ್ತೇಳು ಹೆಚ್ಚಿದವು. ಬೇಕಾದಷ್ಟು ಇರುವಾಗಲೇ ಹೋರಿಗಳನ್ನು ನೋಡಿಕೊಳ್ಳಬೇಕು ಅನ್ನುವುದಷ್ಟೇ ನನ್ನ ಹಟ.

ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಎಷ್ಟು ವರ್ಷ ಬೇಕಾದರೂ ಇಡಬಹುದು. ಗಿಡ್ಡದ ವೀರ್ಯ ತುಂಬಿದ ಕಡ್ಡಿಗಳು ಪ್ರತಿ ಪಶು ಆಸ್ಪತ್ರೆಯಲ್ಲಿ ಸಿಗಬೇಕು, ಅದೂ ಒಂದೆರಡು ಹೋರಿಯದ್ದಲ್ಲ, ಘಟ್ಟದ ಮೇಲಿನ, ಕೆಳಗಿನ, ಕೊಡಗಿನ, ಬೇರೆ ಬೇರೆ ಕಡೆಯ ಹೋರಿಗಳದ್ದು, ಕಡ್ಡಿಯ ಮೇಲೆ ಹೋರಿಯ ಊರು ತಾಯಿ ಗೊತ್ತಾಗುವ ಹಾಗೆ. ಅದು ಸರ್ಕಾರದ ಕೆಲಸ. ಅದಕ್ಕೆ ಕಾಯುತ್ತಾ ಕೂರಲು ನನಗೆ ಮನಸ್ಸಿಲ್ಲ.

ನಾವು ಐದು ಮನೆಯವರು ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಹೊಸನಗರದ ನಮ್ಮ ಮನೆ, ತೀರ್ಥಹಳ್ಳಿ ಕಡೆ ಎರಡು, ಸಿದ್ದಾಪುರದ ಕಡೆ ಒಂದು, ಕುಂದಾಪುರದ ಕಡೆ ಒಂದು. ಪ್ರತಿ ಮನೆಯಲ್ಲಿ ಒಂದು ಹೋರಿ. ಮೂರು ವರ್ಷ ಇಟ್ಟುಕೊಳ್ಳುವುದು, ಮಗಳು ಬೆದೆಗೆ ಬರುವ ಹೊತ್ತಿಗೆ ಅಪ್ಪ ಮುಂದಿನ ಮನೆಗೆ. ಪಿಕಪ್ ಬಾಡಿಗೆ ತೆಗೆದುಕೊಳ್ಳುವವರದ್ದು. ಬೆರಕೆ ಇಲ್ಲದ ಗಂಡು ಕರುಗಳಲ್ಲಿ ಒಂದನ್ನಾದರೂ ಒಡೆಸದೆ ಬಿಡಬೇಕು. ಉಣುಗಿಗೆ ತಿಂಗಳು ತಿಂಗಳು ಔಷಧಿ, ಕಾಡಿಗೆ ಬಿಡುವುದಿಲ್ಲ, ತೋಟದ ಮೇಲಿನ ನಮ್ಮದೇ ಬೇಣದಲ್ಲಿ ಮೇಯಿಸುತ್ತೇವೆ. ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್. ಹೆಸರು, ಬಣ್ಣ, ಹುಟ್ಟಿದ ದಿನ, ತಾಯಿ, ತಂದೆ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಂದೆ ಅನ್ನುವ ಕಡೆ ಎಲ್ಲಕ್ಕೂ "ಗೊತ್ತಿಲ್ಲ" ಅಂತಿದೆ, ಎರಡನೇ ಪುಟದ ತುಂಬ "ಭೈರ". ಮೂರನೇ ಪುಟದಲ್ಲಿ ಈಗ ಬೇರೆ ಹೆಸರುಗಳು ಶುರುವಾಗಿವೆ.

ಭೈರ ಸಿದ್ದಾಪುರಕ್ಕೆ ಹೋದದ್ದು ಕಳೆದ ದೀಪಾವಳಿ ಗೋಪೂಜೆಯ ಮರುದಿನ. ಕೊರಳಲ್ಲಿ ಅಡಿಕೆ, ಚೆಂಡುಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಪಿಕಪ್ ಹತ್ತಲು ಒಪ್ಪದೆ ಒಂದು ಗಂಟೆ ಸತಾಯಿಸಿತು, ಕೊನೆಗೆ ಅತ್ತೆ ಅಕ್ಕಚ್ಚಿನ ಬೋಗುಣಿ ಹಿಡಿದು ಮುಂದೆ ನಡೆದ ಮೇಲೆ ಹತ್ತಿತು. ಅದೇ ಗಾಡಿಯಲ್ಲಿ ಸಂಜೆ ಬಂದಿಳಿದದ್ದು ಬೂದಿ ಬಣ್ಣದ ಹೋರಿ, ಒಂದು ಕೋಡು ಸ್ವಲ್ಪ ಸೊಟ್ಟ. ನೋಡಲು ಭೈರನಷ್ಟು ಚಂದ ಇಲ್ಲ. ಇಳಿದವನೇ ದಣಪೆ ಹಾರಿ ನೇರ ಬೇಣಕ್ಕೆ ಹೋದ.

ನಮಗೆ ಇನ್ನೂ ಹೋರಿಗಳು ಬೇಕು. ಐದು ಸಾಲದು ಅನ್ನುವುದು ಮೇಲಿನ ಲೆಕ್ಕ ಮಾಡಿದರೆ ನಿಮಗೇ ಗೊತ್ತಾಗುತ್ತದೆ. ಮೂಡಿಗೆರೆ, ಸಕಲೇಶಪುರ, ಮಡಿಕೇರಿ, ಅಂಕೋಲಾ, ಬೆಳ್ತಂಗಡಿ ಕಡೆಯವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಒಡೆಸದ ಗಿಡ್ಡ ಗಂಡು ಕರು ಇದ್ದರೆ ಬರೆದು ತಿಳಿಸಿ. ಕಪಿಲೆಯೇ ಆಗಬೇಕು ಅಂತಿಲ್ಲ, ಯಾವ ಬಣ್ಣವಾದರೂ ಸರಿ, ಕೋಡು ಸೊಟ್ಟ ಇದ್ದರೂ ಸರಿ. ಅದರ ತಾಯಿ ಯಾವ ಊರಿನ ಯಾವ ಮನೆಯಿಂದ ಬಂದದ್ದು ಅಂತ ಮಾತ್ರ ನಿಮ್ಮ ಅಮ್ಮನನ್ನೋ ಅತ್ತೆಯನ್ನೋ ಕೇಳಿಕೊಂಡು ಬರೆಯಿರಿ. ಅವರಿಗೆ ನೆನಪಿರುತ್ತದೆ.